ನೀರು ತುಂಬುವ ಹಬ್ಬ

ದೀಪಾವಳಿಯ ಮೊದಲ ಪೂಜೆ ಸಲ್ಲುವುದು ನೀರಿಗೆ. ಆಶ್ವಯುಜ ಬಹುಳ ತ್ರಯೋದಶಿಯ ಸಂಜೆ ಬಚ್ಚಲಿನ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಗೆರೆ ಎಳೆದು, ಕೊರಳಿಗೆ ಹಿಂಡ್ಲೆಕಾಯಿಯ ಬಳ್ಳಿ ಸುತ್ತಿ, ಬಾವಿಯಿಂದ ಹೊಸ ನೀರು ಸೇದಿ ತಂದು ತುಂಬಿದ ಮೇಲೆಯೇ ನಮ್ಮ ಮಲೆನಾಡಿನ ಮನೆಯೊಳಗೆ ಹಬ್ಬ ಕಾಲಿಡುತ್ತಿದ್ದುದು. ಮಾರನೆಯ ನಸುಕು ನರಕಚತುರ್ದಶಿ. ನರಕನನ್ನು ಕೊಂದು ಬಂದ ಕೃಷ್ಣ ಎಣ್ಣೆ ಹಚ್ಚಿಕೊಂಡು ಮಿಂದ ಹೊತ್ತು. ಆ ದಿನ ಎಣ್ಣೆಯಲ್ಲಿ ಲಕ್ಷ್ಮಿ, ನೀರಿನಲ್ಲಿ ಗಂಗೆ ಇರುತ್ತಾರೆ ಎಂಬುದನ್ನು ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ.

ಕೇಳುವುದು ಬೇರೆ, ಕಾಣುವುದು ಬೇರೆ. ನೀರಿನಲ್ಲಿ ಗಂಗೆಯನ್ನು ಕಂಡವಳು ನಮ್ಮ ಅಜ್ಜಿ. ಕತ್ತಲಾದ ಮೇಲೆ ಬಾವಿಗೆ ಕೊಡ ಇಳಿಸಲು ಯಾರನ್ನೂ ಬಿಡುತ್ತಿರಲಿಲ್ಲ. ‘ಗಂಗಮ್ಮ ಮಲಗಿರ್ತಾಳೆ ಕಣೇ, ಎಬ್ಬಿಸಬಾರದು’ ಎನ್ನುತ್ತಿದ್ದಳು. ಹಬ್ಬದ ಸಂಜೆ ಮಾತ್ರ ತಾನೇ ಮಡಿಯುಟ್ಟು ಬಾವಿಕಟ್ಟೆಗೆ ಹೋಗಿ, ಕಟ್ಟೆಗೆ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ‘ಏಳಮ್ಮ ತಾಯಿ, ನಾಳೆ ನಮ್ಮನೆ ಮಕ್ಕಳಿಗೆ ಮೀಯಿಸಬೇಕು’ ಎಂದು ಬಗ್ಗಿ ಹೇಳುವಳು. ಆಮೇಲೆ ಹಗ್ಗ ಬಿಡುವಳು. ರಾಟೆ ಕಿರುಗುಟ್ಟುತ್ತಾ ತಿರುಗಿ, ಕೊಡ ನೀರು ಮುಟ್ಟಿ, ಒಂದು ಗಳಿಗೆ ಓಲಾಡಿ, ಬಾಯಿ ವಾಲಿಸಿ ‘ಗುಳುಗುಳು’ ಎಂದು ಮುಳುಗುವ ಸದ್ದು ಕೇಳುವವರೆಗೆ ಅಜ್ಜಿ ಕಣ್ಣು ಮುಚ್ಚಿ ನಿಂತಿರುತ್ತಿದ್ದಳು. ತಾಯಿ ಹೂಂ ಅಂದಳು ಎನ್ನುವ ಸಮಾಧಾನ ಅವಳ ಮುಖದಲ್ಲಿ. ನನ್ನ ಪಾಲಿಗೆ ದೀಪಾವಳಿಯ ಸದ್ದು ಇಂದಿಗೂ ಅದೇ. ಪಟಾಕಿ ಯಾರು ತಂದರು, ಏನು ತಿಂಡಿ ಮಾಡಿದ್ದರು, ಒಂದೂ ನೆನಪಿಲ್ಲ.

ಮಳೆಗಾಲ ಮುಗಿದು ಬಾವಿ ತುಂಬಿರುವ ಕಾಲ. ಎರಡು ಮಾರು ಹಗ್ಗ ಬಿಟ್ಟರೆ ನೀರು. ಅದೇ ಬಾವಿ ಚೈತ್ರ ವೈಶಾಖದಲ್ಲಿ ಹಗ್ಗವನ್ನೆಲ್ಲ ನುಂಗಿ, ಕೊಡವನ್ನು ತಳದ ಕಲ್ಲಿಗೆ ತಾಗಿಸುತ್ತಿತ್ತು. ಎರಡನ್ನೂ ಕಂಡ ಕೈಗಳಿಗೆ ತುಂಬಿದ ನೀರನ್ನು ಪೂಜಿಸಬೇಕೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಮೊದಲ ಕೊಡವನ್ನು ಅಜ್ಜಿ ಒಳಗೆ ತರುತ್ತಿರಲಿಲ್ಲ, ತುಳಸಿಯ ಬುಡಕ್ಕೆ ಎರೆಯುತ್ತಿದ್ದಳು. ಅಮ್ಮ ಬಾಣಂತಿತನ ಮುಗಿಸಿ ಎಲೆ ಅಡಿಕೆ ಇಟ್ಟು ಗಂಗೆಪೂಜೆ ಮಾಡಿದ್ದು ಆ ಬಾವಿಗೆ. ಕೊನೆಗೆ ಅಜ್ಜಿಯ ಬಾಯಿಗೆ ತುಳಸಿ ಎಲೆಯಲ್ಲಿ ಬಿಟ್ಟ ಹನಿಯೂ ಆ ಬಾವಿಯದೇ.

‘ಆಪೋ ಹಿ ಷ್ಠಾ ಮಯೋಭುವಃ’ ಎಂದು ಋಗ್ವೇದದ ಋಷಿ ನೀರನ್ನು ಕರೆಯುತ್ತಾನೆ. ನಿಮ್ಮಲ್ಲಿರುವ ಮಂಗಳಕರ ರಸದಲ್ಲಿ ನಮಗೂ ಪಾಲು ಕೊಡಿ, ‘ಉಶತೀರಿವ ಮಾತರಃ’, ಹಂಬಲಿಸುವ ತಾಯಂದಿರ ಹಾಗೆ. ಸಂಧ್ಯಾವಂದನೆಯಲ್ಲಿ ನಿತ್ಯವೂ ಈ ಮಂತ್ರದಿಂದ ತಲೆಗೆ ನೀರು ಪ್ರೋಕ್ಷಿಸಿಕೊಳ್ಳುತ್ತಾರೆ. ಅಕ್ಷರ ಬಾರದ ಅಜ್ಜಿ ಬಾವಿಗೆ ಬಗ್ಗಿ ಹೇಳಿದ್ದೂ ಇದನ್ನೇ ಎಂದು ನನ್ನ ನಂಬಿಕೆ.

ನಾನೀಗ ಇರುವುದು ಬೆಂಗಳೂರಿನ ಅಂಚಿನಲ್ಲಿ. 2024ರ ಬೇಸಿಗೆಯಲ್ಲಿ ಇಲ್ಲಿ ಎಷ್ಟೋ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗೆ ಕಾದು ನಿಂತ ದಿನಗಳನ್ನು ಮರೆಯುವಂತಿಲ್ಲ. ಅದೇ ವರ್ಷ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತಕ್ಕೆ ಚಾಲನೆ ಸಿಕ್ಕಿತು. ನಗರದ ಅಂಚಿನ 110 ಹಳ್ಳಿಗಳಿಗೆಂದು ದಿನಕ್ಕೆ 775 ದಶಲಕ್ಷ ಲೀಟರ್ ನೀರಿನ ಯೋಜನೆ. ಮರುದಿನವೇ ತುಲಾ ಸಂಕ್ರಮಣ, ತಲಕಾವೇರಿಯಲ್ಲಿ ತೀರ್ಥೋದ್ಭವ! ಇದನ್ನು ಕಾಕತಾಳೀಯ ಎಂದು ಬಿಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಕೊಡಗಿನ ಬ್ರಹ್ಮಗಿರಿಯಲ್ಲಿ ಹುಟ್ಟಿದವಳು, ಅಗಸ್ತ್ಯರ ಕಮಂಡಲುವಿನಿಂದ ಹರಿದವಳು, ತೊರೆಕಾಡನಹಳ್ಳಿಯಿಂದ ಪಂಪುಗಳ ಬಲದಲ್ಲಿ ಏರು ಹತ್ತಿ, ಸುಮಾರು 100 ಕಿಲೋಮೀಟರ್ ಕೊಳವೆಯಲ್ಲಿ ನಡೆದು ಈಗ ನಮ್ಮ ನಲ್ಲಿಗೂ ಬಂದಿದ್ದಾಳೆ. ‘ನರ್ಮದೇ ಸಿಂಧು ಕಾವೇರಿ ಜಲೇಸ್ಮಿನ್ ಸನ್ನಿಧಿಂ ಕುರು’ ಎಂದು ಕಲಶದ ಮೇಲೆ ಕೈಯಿಟ್ಟು ಹೇಳುವಾಗ ಮೈ ನವಿರೇಳುತ್ತದೆ. ನಾನು ಕರೆಯುವ ಮೊದಲೇ ಬಂದು ಕುಳಿತಿದ್ದಾಳೆ!

ಆದರೆ ಅವಳು ಬಂದದ್ದನ್ನು ಗಮನಿಸುವವರೆಷ್ಟು ಮಂದಿ? ನಮ್ಮ ಕಟ್ಟಡದಲ್ಲಿ ತ್ರಯೋದಶಿಯ ಸಂಜೆ ಬಾಗಿಲು ಬಾಗಿಲಿಗೂ ವಿದ್ಯುತ್ ಸರ ತೂಗುತ್ತದೆ, ಬಚ್ಚಲಲ್ಲಿ ರಂಗೋಲಿ ಹಾಕಿದ ಮನೆ ಕಾಣುವುದಿಲ್ಲ. ಗೀಸರ್ ಇದೆಯಲ್ಲ, ತುಂಬುವುದೇನನ್ನು ಎಂದು ಕೇಳುತ್ತಾರೆ. ತಡೆದುಕೊಳ್ಳಲಾರದ ನೋವು ಇದು. ಲಕ್ಷ್ಮೀಪೂಜೆಗೆ ಸಾವಿರಗಟ್ಟಲೆ ಖರ್ಚು ಮಾಡುವ ನಾವು ಅವಳಿಗಿಂತ ಮೊದಲು ಮನೆಗೆ ಬರುವ ಗಂಗೆಗೆ ಒಂದು ಚಿಟಿಕೆ ಕುಂಕುಮ ಇಡಲಾರೆವೇ?

ಹಂಡೆ ಇಲ್ಲದಿದ್ದರೆ ಬಕೆಟ್ಟೇ ಆದೀತು. ತೊಳೆದು, ಅರಿಶಿನ ಕುಂಕುಮ ಹಚ್ಚಿ, ಹಿಂಡ್ಲೆಕಾಯಿ ಸಿಗದಿದ್ದರೆ ಮನೆಯಲ್ಲಿರುವ ಯಾವುದಾದರೂ ಬಳ್ಳಿ ಸುತ್ತಿ, ಮಕ್ಕಳ ಕೈಯಲ್ಲೇ ನೀರು ತುಂಬಿಸಿ. ಮೊದಲ ಚೊಂಬು ತುಳಸಿಗೆ. ನಮ್ಮ ಮನೆಯಲ್ಲಿ ಈ ವರ್ಷವೂ ತುಂಬುತ್ತೇವೆ. ನೆರೆಯ ಮನೆಯವರನ್ನೂ ಕರೆಯಬೇಕೆಂದಿದ್ದೇನೆ.