ಡಿಲೇ ಬಾಕ್ಸ್ ಪ್ರಾಜೆಕ್ಟ್: ಡಂಪ್ ಬಟನ್ ಕೆಲ್ಸ ಮಾಡ್ತಿದೆ

ಹೊಸದಾಗಿ ಓದೋರಿಗೆ ಮೊದ್ಲು ಹೇಳ್ಬಿಡ್ತೀನಿ, ನಾನಿರೋದು ನ್ಯೂಜೆರ್ಸಿಲಿ, ಇಲ್ಲೊಂದು ಸಣ್ಣ ಕಮ್ಯುನಿಟಿ ಎಫ್‌ಎಂನಲ್ಲಿ ಭಾನುವಾರ ಬೆಳಿಗ್ಗೆ ಒಂದು ಗಂಟೆ ಕನ್ನಡ ಕಾರ್ಯಕ್ರಮ ನಡೆಸ್ತೀವಿ. ಕೇಳುಗರ ಫೋನ್ ತಗೋಬೇಕು ಅಂದ್ರೆ ಡಿಲೇ, ಅಂದ್ರೆ ಮಾತು ಕೆಲವು ಸೆಕೆಂಡ್ ತಡವಾಗಿ ಪ್ರಸಾರ ಆಗೋ ವ್ಯವಸ್ಥೆ, ಇರ್ಲೇಬೇಕು ಅಂದ್ರು. ಯಾರಾದ್ರೂ ಕೆಟ್ಟ ಮಾತಾಡಿದ್ರೆ ಡಂಪ್ ಬಟನ್ ಒತ್ತಿ ಅದು ಹೊರಗೆ ಹೋಗೋ ಮುಂಚೆನೇ ಎಸೀಬಹುದು. ರೆಡಿಮೇಡ್ ಯೂನಿಟ್ ರೇಟು ನೋಡಿ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರಲ್ಲಿ ನಾನೇ ಮಾಡೋಣ ಅಂತ ಕೂತೆ.

7 ಸೆಕೆಂಡ್ ಆಡಿಯೋ ಹಿಡಿದಿಡೋದು ಕಷ್ಟ ಅಲ್ಲ, 44.1 ಕಿಲೋಹರ್ಟ್ಸ್ ಸ್ಟೀರಿಯೋ ಅಂದ್ರೂ 1.2 ಎಂಬಿ ಅಷ್ಟೇ. ತಲೆನೋವು ಬಂದಿದ್ದು ಬಟನ್ ಒತ್ತಿದ ಮೇಲೆ. ಹಿಡಿದಿಟ್ಟಿದ್ದೆಲ್ಲ ಎಸೆದು ಲೈವ್‌ಗೆ ಹಾರುತ್ತೆ, ಆಗ ಕೈಯಲ್ಲಿ ಡಿಲೇನೇ ಉಳಿದಿರಲ್ಲ, ಮತ್ತೆ ತುಂಬಿಸ್ಬೇಕು. ಮಾತನ್ನ 3% ಎಳೆದು ನಿಧಾನ ಮಾಡ್ತಾ ಹೋದ್ರೆ ಪೂರ್ತಿ ತುಂಬಕ್ಕೆ ಹತ್ತಿರ ಹತ್ತಿರ 4 ನಿಮಿಷ ಬೇಕು. 5% ಹಾಕಿ ನೋಡ್ದೆ, ನಮ್ ನಿರೂಪಕಿ ಅಕ್ಕನ ದನಿ ನಿದ್ದೆಗಣ್ಣಲ್ಲಿ ಮಾತಾಡ್ದಂಗೆ ಕೇಳ್ತು, 3ಕ್ಕೇ ನಿಂತೆ.

ಈಗ ಯಾವಾಗ ಒತ್ತಬೇಕು ಅನ್ನೋದು. ಇದಕ್ಕಾಗಿ ಎರಡು ವಾರ ಅಮೆರಿಕದ ರೇಡಿಯೋ, ಟಿವಿ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಎಫ್‌ಸಿಸಿ ನಿಯಮ ಓದ್ದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸ್ವಲ್ಪ ಸಡಿಲ, ನಮ್ದು ಹಗಲು. ಲೈಂಗಿಕ ಅಥವಾ ಮಲಮೂತ್ರಕ್ಕೆ ಸಂಬಂಧಪಟ್ಟ ಮಾತು ಸಮುದಾಯದ ಅಳತೆಗೆ ತೀರಾ ಅಸಹ್ಯ ಅನ್ಸಿದ್ರೆ ತಪ್ಪು. ಹಾಗಾದ್ರೆ ನಮ್ ಜನ ಜಗಳದಲ್ಲಿ ಸಲೀಸಾಗಿ ಬಿಡೋ "ಬೋಳಿಮಗ" ಈ ವ್ಯಾಖ್ಯೆಗೆ ಸಿಗೋದೇ ಇಲ್ಲ, ಗಂಡ ಸತ್ತೋಳನ್ನ ಹೀಯಾಳಿಸೋ ಮಾತದು, ನಂಗೆ ಎಲ್ಲಕ್ಕಿಂತ ಹೊಲಸು ಅನ್ಸೋದು ಅದೇ. ಕಾನೂನು ಹುಡುಕೋದು ದೇಹದ ಭಾಗಗಳನ್ನ, ಅವಮಾನನ ಅಲ್ಲ.

ಇದೆಲ್ಲ ಶುರುವಾಗಿದ್ದು 1973ರಲ್ಲಿ, ನ್ಯೂಯಾರ್ಕ್‌ನ ಡಬ್ಲ್ಯೂಬಿಎಐ ರೇಡಿಯೋ ಮಧ್ಯಾಹ್ನದ ಹೊತ್ತು ಜಾರ್ಜ್ ಕಾರ್ಲಿನ್ ಅವ್ರ ಬೈಗುಳದ ಹಾಸ್ಯ ಹಾಕ್ತು, ಒಬ್ಬ ಅಪ್ಪ ದೂರು ಕೊಟ್ರು, 1978ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಎಫ್‌ಸಿಸಿ ಪರ ನಿಂತ್ತು. ಆಮೇಲೆ ಬಹಳ ವರ್ಷ ಅದನ್ನ ಹದವಾಗೇ ಬಳಸ್ತಿದ್ರು. 2004ರ ಅಮೆರಿಕನ್ ಫುಟ್ಬಾಲ್ ಫೈನಲ್ ಸೂಪರ್ ಬೌಲ್‌ನಲ್ಲಿ ಗಾಯಕಿ ಜಾನೆಟ್ ಜಾಕ್ಸನ್ ಎದೆ ಒಂದು ಸೆಕೆಂಡೂ ಪೂರ್ತಿ ಇಲ್ದಂಗೆ ಕಂಡಿದ್ದೇ ತಡ, ಚುನಾವಣೆ ವರ್ಷ ಬೇರೆ, ಅದನ್ನ ಪ್ರಸಾರ ಮಾಡಿದ ಸಿಬಿಎಸ್‌ಗೆ 5,50,000 ಡಾಲರ್ ದಂಡ ಬಿತ್ತು (ಕೋರ್ಟ್ ಆಮೇಲೆ ರದ್ದು ಮಾಡ್ತು), 2006ರಲ್ಲಿ ಒಂದು ತಪ್ಪಿಗೆ ಇದ್ದ 32,500 ಡಾಲರ್ ಮಿತಿ 3,25,000ಕ್ಕೆ ಏರ್ತು. ದೊಡ್ಡ ನೆಟ್‌ವರ್ಕ್ ವಕೀಲರನ್ನಿಟ್ಟು ವರ್ಷಗಟ್ಲೆ ಹೊಡೆದಾಡುತ್ತೆ, ನಮ್ಮಂಥ ಸ್ಟೇಷನ್ ಒಂದೇ ಏಟಿಗೆ ಮುಚ್ಕೊಳ್ಳುತ್ತೆ.

ನಂಗೆ ತುಂಬಾ ನೋವಾಗಿದ್ದು 2004ರ ನವೆಂಬರ್ 11ರದ್ದು. ಯುದ್ಧದಲ್ಲಿ ಹೋರಾಡಿದೋರ ದಿನ ಎಬಿಸಿ ಟಿವಿ "ಸೇವಿಂಗ್ ಪ್ರೈವೇಟ್ ರಯಾನ್" ಹಾಕಿದ್ರೆ 60ಕ್ಕೂ ಹೆಚ್ಚು ಸ್ಟೇಷನ್‌ಗಳು ಸಿನಿಮಾದ ಸೈನಿಕರ ಬೈಗುಳಕ್ಕೆ ದಂಡ ಬಿದ್ದೀತು ಅಂತ ಹೆದರಿ ತೋರಿಸ್ಲೇ ಇಲ್ಲ. ಅದೇ ಸಿನಿಮಾ ಹಿಂದೆ ಟಿವಿಲಿ ಬಂದಿತ್ತು. ಮುಂದಿನ ವರ್ಷ ಎಫ್‌ಸಿಸಿನೇ ಅದ್ರಲ್ಲಿ ತಪ್ಪಿಲ್ಲ ಅಂತು. ಯಾರೂ ನಿಷೇಧ ಮಾಡಿರ್ಲಿಲ್ಲ, ಗೆರೆ ಎಲ್ಲಿದೆ ಗೊತ್ತಿಲ್ದೇ ಇದ್ದಿದ್ದೇ ಸಾಕಾಯ್ತು. 2012ರಲ್ಲಿ ಫಾಕ್ಸ್ ಟಿವಿ ಕೇಸಲ್ಲಿ ಸುಪ್ರೀಂ ಕೋರ್ಟ್ ಮೊದ್ಲೇ ಸರಿಯಾಗಿ ತಿಳಿಸ್ದೆ ದಂಡ ಹಾಕೋ ಹಾಗಿಲ್ಲ ಅಂತು, ಆದ್ರೆ ವಾಕ್ ಸ್ವಾತಂತ್ರ್ಯದ ಪ್ರಶ್ನೆ ಮುಟ್ಲೇ ಇಲ್ಲ.

ಇದನ್ನ ಓದಿದ್ಮೇಲೆ ಬಾಕ್ಸ್‌ಗೆ ಒಂದು ಕೆಲ್ಸ ಸೇರಿಸ್ದೆ. ಒತ್ತಿದಾಗಲೆಲ್ಲ ಎಸೆದ ತುಣುಕು ಟೈಮ್ ಸಮೇತ ಬೇರೆ ಫೈಲಲ್ಲಿ ಉಳಿಯುತ್ತೆ, ಕಾರ್ಯಕ್ರಮ ಮುಗಿದ್ಮೇಲೆ ಎಲ್ರೂ ಕೂತು ಕೇಳ್ತೀವಿ. ಹೋದ ಶನಿವಾರ ಸ್ನೇಹಿತರಿಂದ ಫೋನ್ ಮಾಡಿಸಿ ಒಂದು ಗಂಟೆ ಟೆಸ್ಟ್ ಮಾಡ್ದೆ, ನಾಲ್ಕು ಸಲ ಒತ್ತಿದ್ದೆ. ಒಂದು ನಿಜವಾಗ್ಲೂ ಬೇಕಿತ್ತು. ಉಳಿದ ಮೂರು ಸಲನೂ ಯಾರೋ ಒಬ್ರು ದನಿ ಏರಿಸಿ ಬಾಡಿಗೆ ಬಗ್ಗೆ ಮಾತಾಡ್ತಿದ್ರು ಅಷ್ಟೇ.