ಡೈವ್ ಗೈಡ್ ಕೆಲಸದಲ್ಲಿ "ಬೇಡ" ಅನ್ನೋ ಮಾತನ್ನ ಯಾವಾಗ ಹೇಳ್ಬೇಕು

ನಾನು ಮಾಲ್ಡೀವ್ಸ್‌ನಲ್ಲಿ ಲಿವ್‌ಅಬೋರ್ಡ್ ಬೋಟಲ್ಲಿ ಡೈವ್ ಗೈಡ್ ಆಗಿ ಕೆಲ್ಸ ಮಾಡ್ತೀನಿ. ಲಿವ್‌ಅಬೋರ್ಡ್ ಅಂದ್ರೆ ಒಂದು ವಾರ ಬೋಟಲ್ಲೇ ಊಟ, ಬೋಟಲ್ಲೇ ನಿದ್ದೆ, ದಿನಕ್ಕೆ ಮೂರು ಸಲ ನೀರಿಗೆ ಇಳಿಯೋದು, ಒಂದು ಅಟಾಲ್‌ನಿಂದ ಇನ್ನೊಂದಕ್ಕೆ ಹೋಗ್ತಾ ಇರೋದು. ಊರಿಂದ ಯಾರೇ ಫೋನ್ ಮಾಡಿದ್ರೂ ಶಾರ್ಕ್ ಹತ್ರ ಹೋಗ್ತೀಯಲ್ಲ ಹೆದ್ರಿಕೆ ಆಗಲ್ವಾ ಅಂತ ಕೇಳೇ ಕೇಳ್ತಾರೆ. ಶಾರ್ಕ್ ನೋಡಿ ನಂಗೆ ಹೆದ್ರಿಕೆ ಆಗಲ್ಲ, ಅವು ಅವುಗಳ ಪಾಡಿಗೆ ಇರ್ತವೆ. ಕಷ್ಟ ಅನ್ಸೋದು ಲಕ್ಷಗಟ್ಟಲೆ ದುಡ್ಡು ಕಟ್ಟಿ, ಆಫೀಸಲ್ಲಿ ಹೆಂಗೋ ರಜೆ ಗಿಟ್ಟಿಸ್ಕೊಂಡು, ಹೊಸ ಕ್ಯಾಮೆರಾ ತಗೊಂಡು ಬಂದಿರೋರ ಎದುರು ನಿಂತು ಈ ಡೈವ್ ನಿಮಗೆ ಬೇಡ ಅಂತ ಹೇಳೋದು. ಆ ಮಾತನ್ನ ಯಾವಾಗ ಹೇಳ್ಬೇಕು, ಹೇಗೆ ಹೇಳ್ಬೇಕು ಅನ್ನೋದನ್ನ ಈ ಕೆಲ್ಸದಲ್ಲಿ ನಿಧಾನಕ್ಕೆ ಕಲ್ತೆ, ಅದನ್ನೇ ಬರೀತಿದೀನಿ, ಡೈವಿಂಗ್ ಕಲೀತಿರೋ ನಮ್ಮ ಹುಡುಗ್ರಿಗೂ ಟ್ರಿಪ್ ಪ್ಲಾನ್ ಮಾಡ್ತಿರೋರಿಗೂ ಉಪಯೋಗ ಆಗ್ಬೋದು.

ಮೊದಲು ಇಲ್ಲಿನ ನೀರು ಹೇಗೆ ಅಂತ ಹೇಳ್ತೀನಿ. ಅಟಾಲ್ ಅಂದ್ರೆ ಹವಳದ ರೀಫ್‌ನ ದೊಡ್ಡ ಉಂಗುರ, ನಡುನಡುವೆ ಚಾನಲ್‌ಗಳು, ಒಳಗಿನ ನೀರೂ ಹೊರಗಿನ ಸಮುದ್ರದ ನೀರೂ ಓಡಾಡೋದು ಆ ಚಾನಲ್‌ಗಳಲ್ಲೇ. ಡಿಸೆಂಬರಿಂದ ಏಪ್ರಿಲ್‌ವರೆಗೆ ಈಶಾನ್ಯ ಮಾನ್ಸೂನ್, ಆಗ ಪೂರ್ವದ ಕಡೆ ಚಾನಲ್‌ಗಳಿಂದ ತಿಳಿ ನೀರು ಒಳಗೆ ಬರತ್ತೆ, ಬಂದಿದ್ದು ಚಾನಲ್ ಬಾಯಿಯ ಗೋಡೆಗೆ ಬಡಿದು ಮೇಲಕ್ಕೇಳತ್ತೆ, ಗ್ರೇ ರೀಫ್ ಶಾರ್ಕ್‌ಗಳು ಆ ಏಳೋ ನೀರಿನ ಮೇಲೆ ಬಾಲ ಹೆಚ್ಚು ಆಡಿಸ್ದೇನೇ ನಿಂತಿರ್ತವೆ. ವಾವು ಅಟಾಲ್‌ನ ಮಿಯಾರು ಕಂಡು, ಫೊಟ್ಟೆಯೋ ಕಂಡು (ಇಲ್ಲಿನ ಭಾಷೇಲಿ ಕಂಡು ಅಂದ್ರೆ ಚಾನಲ್) ಎಲ್ಲಾ ಇದೇ ಥರದ ಜಾಗಗಳು. ಪ್ಲಾಂಕ್ಟನ್ ಅನ್ನೋ ಸೂಕ್ಷ್ಮ ಜೀವಿಗಳು ತುಂಬಿರೋ ಮಬ್ಬು ನೀರು ಹೊರಗೆ ಹೋಗೋ ಪಶ್ಚಿಮದ ಕಡೆ ಮಾಂಟಾ ಅನ್ನೋ ದೊಡ್ಡ ತಿರಂಡಿ ಮೀನು ಸಿಗ್ತವೆ. ಮಳೆಗಾಲ ಶುರು ಆದ್ಮೇಲೆ ಇದೆಲ್ಲ ಉಲ್ಟಾ. ಅಂದ್ರೆ ಶಾರ್ಕ್ ಬೇಕು ಅಂದ್ರೆ ಕರೆಂಟ್ (ನೀರಿನ ಸೆಳೆತ) ಬೇಕೇ ಬೇಕು, ಕರೆಂಟ್ ಇಲ್ದಿರೋ ದಿನ ಚಾನಲ್ ಬಾಯಲ್ಲಿ ಅವು ಇರೋದು ಕಮ್ಮಿ. ಗೆಸ್ಟ್‌ಗಳಿಗೆ ಇದನ್ನ ಮೊದಲ ದಿನಾನೇ ಬಿಡಿಸಿ ಹೇಳ್ಬೇಕು. ತುಂಬಾ ಜನ ಶಾರ್ಕ್ ಬೇರೆ ಕರೆಂಟ್ ಬೇರೆ ಅಂದ್ಕೊಂಡು, ಶಾಂತವಾಗಿರೋ ನೀರಲ್ಲಿ ಐವತ್ತು ಶಾರ್ಕ್ ತೋರಿಸ್ತಾರೆ ಅಂತ ಕಾಯ್ತಿರ್ತಾರೆ.

ಬೆಳಿಗ್ಗೆ ಆರಕ್ಕೆ ಮುಂಚೆ ನಮ್ಮ ಕೆಲ್ಸ ಶುರು. ದೊಡ್ಡ ಬೋಟು ಇರೋಕೆ, ಡೈವಿಂಗ್‌ಗೆ ಅಂತ ಹಿಂದೇನೇ ಬರೋ ಧೋನಿ ಅನ್ನೋ ಸಣ್ಣ ಬೋಟು ಬೇರೆ ಇರತ್ತೆ, ಟ್ಯಾಂಕು, ಕಂಪ್ರೆಸರ್, ಎಲ್ಲರ ಗೇರೂ ಅದ್ರಲ್ಲೇ. ಗೆಸ್ಟ್‌ಗಳು ಕಾಫಿ ಕುಡೀತಾ ಇರೋವಾಗ ನಮ್ಮಲ್ಲೊಬ್ರು ಮಾಸ್ಕು ಫಿನ್ಸು ಮಾತ್ರ ಹಾಕ್ಕೊಂಡು ಚಾನಲ್ ಬಾಯಲ್ಲಿ ನೀರಿಗೆ ಹಾರ್ತೀವಿ. ಮುಖ ನೀರೊಳಗಿಟ್ಟು ಕೈಕಾಲು ಆಡಿಸ್ದೇ ಸುಮ್ನೆ ತೇಲ್ಬೇಕು, ಕೆಳಗಿನ ಬಂಡೆ ಯಾವ ಕಡೆ ಜಾರ್ತಿದೆ, ಎಷ್ಟು ಬೇಗ ಜಾರ್ತಿದೆ ನೋಡ್ಬೇಕು. ಫ್ಯುಸಿಲಿಯರ್ ಮೀನಿನ ಹಿಂಡು ಕಂಡ್ರೆ ತಲೆ ಯಾವ ಕಡೆ ಇದೆ ಅಂತ ನೋಡ್ಬೇಕು, ಮೀನು ಕರೆಂಟ್‌ಗೆ ಮುಖ ಮಾಡಿ ನಿಲ್ಲತ್ತೆ. ರೀಫ್ ಅಂಚಲ್ಲಿ ಕಿತ್ತಳೆ ಬಣ್ಣದ ಆಂಥಿಯಸ್ ಮೀನುಗಳು ಹವಳದಿಂದ ದೂರ ಬಂದು ಹರಡ್ಕೊಂಡಿದ್ರೆ ಪರವಾಗಿಲ್ಲ, ಎಲ್ಲಾ ಹವಳಕ್ಕೆ ಅಂಟ್ಕೊಂಡಿದ್ರೆ ಕೆಳಗೆ ಜೋರಾಗಿದೆ ಅಂತ ಅರ್ಥ. ಮೇಲೊಂದು ದಿಕ್ಕು ಕೆಳಗೊಂದು ದಿಕ್ಕು ಇರೋ ದಿನಾನೂ ಇರ್ತವೆ, ಅನುಮಾನ ಬಂದ್ರೆ ಟ್ಯಾಂಕ್ ಹಾಕ್ಕೊಂಡು ಕೆಳಗಿಳಿದೇ ನೋಡ್ಕೊಂಡು ಬರ್ತೀವಿ. ಆಮೇಲೆ ಧೋನಿ ಕ್ಯಾಪ್ಟನ್ ಹತ್ರ ಮಾತು. ಅವ್ರು ನೀರಿಗೆ ಇಳಿದಿರಲ್ಲ, ಆದ್ರೆ ನೀರಿನ ಮೇಲಿನ ಸುಕ್ಕು ನೋಡಿ, ಚಂದ್ರನ ಲೆಕ್ಕ ಹಾಕಿ, ಇನ್ನೊಂದು ಗಂಟೆಗೆ ಇದು ತಿರುಗತ್ತೆ ಅಂತಾರೆ, ತಿರುಗತ್ತೆ. ನೀರು ಹೊರಗೆ ಹೋಗ್ತಿದೆ ಅಂತ ಅವ್ರು ಅಂದ್ರೆ ಆ ಚಾನಲ್ ಆ ಹೊತ್ತಿಗೆ ಇಲ್ಲ, ಅಷ್ಟೇ, ಯಾಕಂದ್ರೆ ಹೊರಗೆ ಹೋಗೋ ನೀರಲ್ಲಿ ಕೈ ತಪ್ಪಿದೋರು ತೆರೆದ ಸಮುದ್ರಕ್ಕೆ ಹೋಗ್ತಾರೆ. ಗೈಡ್ ಆಗೋಕೆ ಬರೋ ಹುಡುಗ್ರು ಕ್ಯಾಪ್ಟನ್ ಮಾತಿಗೆ ಕಿವಿ ಕೊಡೋದನ್ನ ಮೊದಲು ಕಲೀಬೇಕು, ಸರ್ಟಿಫಿಕೇಟ್ ಅವ್ರ ಹತ್ರ ಇಲ್ದೇ ಇರ್ಬೋದು, ಆ ನೀರು ಅವ್ರಿಗೆ ಗೊತ್ತು.

ಈಗ ಯಾರನ್ನ ಕರ್ಕೊಂಡು ಹೋಗ್ಬೇಕು ಅನ್ನೋ ಪ್ರಶ್ನೆ. ಚಾನಲ್ ಡೈವಲ್ಲಿ ಬಿಸಿಡಿಯ (ತೇಲೋಕೆ ಗಾಳಿ ತುಂಬೋ ಜಾಕೆಟ್) ಗಾಳಿ ಪೂರ್ತಿ ತೆಗ್ದು ನೀರಿಗೆ ಬಿದ್ದ ತಕ್ಷಣ ಕೆಳಗಿಳೀಬೇಕು, ಮೇಲೆ ನಿಂತು ಮಾಸ್ಕ್ ಸರಿ ಮಾಡ್ಕೊಳ್ತಾ ಇದ್ರೆ ಮಳೆಗಾಲದ ಹೊಳೆ ಕೊಚ್ಕೊಂಡು ಹೋದಂಗೆ ನೀರು ಎಳ್ಕೊಂಡು ಹೋಗತ್ತೆ, ಎಲ್ಲರೂ ಚಾನಲ್ ಅಂಚಲ್ಲಿ ಬಂಡೆಗೆ ಹುಕ್ ಹಾಕ್ಕೊಂಡು ಕೂತಿರೋವಾಗ ನೀವು ಚಾನಲ್ ಮಧ್ಯದಲ್ಲಿ ಒಬ್ರೇ. ಅಂಚು ಇರೋದು ಸುಮಾರು 25ರಿಂದ 30 ಮೀಟರಲ್ಲಿ, ಇಲ್ಲಿನ ಕಾನೂನು ಪ್ರಕಾರ 30 ಮೀಟರೇ ಗಡಿ. ಅಷ್ಟು ಆಳದಲ್ಲಿ ಒತ್ತಡ ಮೇಲಿಗಿಂತ 4 ಪಟ್ಟು, ಗಾಳಿ ಖರ್ಚೂ 4 ಪಟ್ಟು. ಲೆಕ್ಕ ಹಾಕಿ: 12 ಲೀಟರ್ ಟ್ಯಾಂಕಲ್ಲಿ 200 ಬಾರ್ ಒತ್ತಡ ಇದ್ರೆ 2400 ಲೀಟರ್ ಗಾಳಿ, 50 ಬಾರ್ ಮುಟ್ಟದೇ ಉಳಿಸ್ಬೇಕು, ಉಳಿದಿದ್ದು 1800. ಮೇಲೆ ನಿಮಿಷಕ್ಕೆ 20 ಲೀಟರ್ ಎಳೆಯೋರು ಅಲ್ಲಿ 80 ಎಳೀತಾರೆ, ಅಂದ್ರೆ 22 ನಿಮಿಷದ ಮೇಲೆ ಸ್ವಲ್ಪ. ಅದೂ ಆರಾಮಾಗಿ ಉಸಿರಾಡಿದ್ರೆ. ಗಾಬರಿ ಆಗಿ ಕರೆಂಟ್‌ಗೆ ಎದುರು ಕಾಲು ಬಡಿಯೋರಿಗೆ ಇದ್ರಲ್ಲಿ ಅರ್ಧಾನೂ ಬರಲ್ಲ.

ಹಾಗಾಗಿ ಮೊದಲ ದಿನ ಚೆಕ್ ಡೈವ್, ಅಟಾಲ್ ಒಳಗೆ ಕರೆಂಟ್ ಇಲ್ದಿರೋ ಜಾಗದಲ್ಲಿ. ಗೆಸ್ಟ್‌ಗಳು ಇದನ್ನ ಫಾರ್ಮಾಲಿಟಿ ಅಂದ್ಕೊಂಡು ಮೀನು ನೋಡ್ತಿರ್ತಾರೆ, ನಾನು ಅವ್ರನ್ನ ನೋಡ್ತಿರ್ತೀನಿ. ಕೊನೆಗೆ ಮೇಲೆ ಬರೋಕೆ ಮುಂಚೆ 5 ಮೀಟರಲ್ಲಿ 3 ನಿಮಿಷ ನಿಲ್ಲೋ ಸೇಫ್ಟಿ ಸ್ಟಾಪ್ ಇರತ್ತಲ್ಲ, ಅಲ್ಲೇ ಎಲ್ಲಾ ಗೊತ್ತಾಗತ್ತೆ. ಕೈ ಕಟ್ಕೊಂಡು ಉಸಿರಲ್ಲೇ ಮೇಲೆ ಕೆಳಗೆ ಸರಿ ಮಾಡ್ಕೊಂಡು ನಿಲ್ಲೋರು ಚಾನಲ್‌ಗೆ ರೆಡಿ. ಕೈ ಬೀಸ್ತಾ, ಬಿಸಿಡಿ ಬಟನ್ ಒತ್ತೋದು ಬಿಡೋದು ಮಾಡ್ತಾ, ಜೊತೆಗೆ ಇಳಿದಿರೋ ಡೈವರ್ ಎಲ್ಲಿ ಅಂತಾನೇ ಮರ್ತಿರೋರಿಗೆ ಇನ್ನೂ ಸ್ವಲ್ಪ ಟೈಮ್ ಬೇಕು.

ಬೇಡ ಅನ್ನೋ ಮಾತನ್ನ ಅವತ್ತು ಸಂಜೇನೇ ಹೇಳ್ಬೇಕು. ಬೆಳಿಗ್ಗೆ ಗೇರ್ ಹಾಕ್ಕೊಂಡು ಧೋನಿ ಅಂಚಲ್ಲಿ ನಿಂತ್ಮೇಲೆ ಹೇಳಿದ್ರೆ ಯಾರೂ ಕೇಳೋ ಸ್ಥಿತೀಲಿ ಇರಲ್ಲ, ಹತ್ತು ಜನರ ಎದುರು ಅವಮಾನ ಆದಂಗೆ ಬೇರೆ ಆಗತ್ತೆ, ಛಲಕ್ಕೆ ಬಿದ್ದು ನಾನು ಹೋಗೇ ಹೋಗ್ತೀನಿ ಅಂತಾರೆ. ಊಟಕ್ಕೆ ಮುಂಚೆ ಮೇಲಿನ ಡೆಕ್‌ಗೆ ಒಬ್ರನ್ನೇ ಕರೆದು, ಕಾರಣ ಸಮೇತ, ಇವತ್ತು ನಿಮ್ಮ ಟ್ಯಾಂಕಲ್ಲಿ ಎಷ್ಟು ಉಳಿದಿತ್ತು, ನಾಳೆ ಆ ಆಳದಲ್ಲಿ ಎಷ್ಟು ಉಳಿಯತ್ತೆ ಅಂತ ಪೇಪರಲ್ಲಿ ಬರೆದು ತೋರಿಸ್ತೀನಿ. ಜೊತೆಗೆ ನಾಳೆ ಬೆಳಿಗ್ಗೆ ಅವ್ರಿಗೆ ಏನು ಡೈವ್, ಯಾರು ಕರ್ಕೊಂಡು ಹೋಗ್ತಾರೆ ಅನ್ನೋದೂ ಆಗ್ಲೇ ಗೊತ್ತಾಗ್ಬೇಕು. ಬೇಡ ಅಂದ್ಬಿಟ್ಟು ಸುಮ್ನೆ ಹೋಗೋದು ಸರಿಯಲ್ಲ, ಅವ್ರೂ ದುಡ್ಡು ಕೊಟ್ಟೇ ಬಂದಿರೋದು.

ನಮ್ಮ ಕಡೆಯವ್ರ ಬಗ್ಗೆ ಒಂದು ವಿಷ್ಯ ಇಲ್ಲಿ ಹೇಳ್ಲೇಬೇಕು. ನಾನು ಈ ಕೆಲ್ಸ ಕಲ್ತಿದ್ದು ಮುರುಡೇಶ್ವರದಲ್ಲಿ, ನೇತ್ರಾಣಿ ದ್ವೀಪಕ್ಕೆ ಹೋಗೋ ಬೋಟ್‌ಗಳಲ್ಲಿ. ಬೆಂಗಳೂರಿಂದ ವೀಕೆಂಡ್‌ಗೆ ಬಂದು ನೇತ್ರಾಣೀಲಿ ಟ್ರೈ ಡೈವ್ ಮಾಡೋರು ತುಂಬಾ, ಒಳ್ಳೇದೇ, ನಂಗೂ ಖುಷಿ. ಆದ್ರೆ ಅದ್ರಲ್ಲಿ ಇನ್‌ಸ್ಟ್ರಕ್ಟರ್ ನಿಮ್ಮ ಟ್ಯಾಂಕ್ ಹಿಡ್ಕೊಂಡಿರ್ತಾರೆ, ಬಿಸಿಡಿ ಬಟನ್ ಅವ್ರೇ ಒತ್ತಿರ್ತಾರೆ, ಹೋಗೋದೂ ಕಮ್ಮಿ ಆಳ. ಕೊನೇಲಿ ಫೋಟೋ ವಿಡಿಯೋ ಜೊತೆ ಒಂದು ಸರ್ಟಿಫಿಕೇಟ್ ಕೊಟ್ರೂ ಅದು ಡೈವರ್ ಲೈಸೆನ್ಸ್ ಆಗಲ್ಲ. ಲಿವ್‌ಅಬೋರ್ಡ್‌ಗೆ ಕನಿಷ್ಠ ಓಪನ್ ವಾಟರ್ ಅನ್ನೋ ಮೊದಲ ಹಂತದ ಡೈವರ್ ಸರ್ಟಿಫಿಕೇಟ್ ಬೇಕು, ಚಾನಲ್‌ಗಳಿರೋ ರೂಟ್‌ಗೆ ಅದ್ರ ಮುಂದಿನ ಅಡ್ವಾನ್ಸ್ಡ್ ಇದ್ದು ಕೈಯಲ್ಲಿ ಸುಮಾರು 50 ಡೈವ್ ಆದ್ರೂ ಇರ್ಬೇಕು ಅಂತ ತುಂಬಾ ಬೋಟ್‌ಗಳು ಕೇಳ್ತವೆ.

ಒಂದ್ಸಲ ಬೆಂಗಳೂರಿನವ್ರೊಬ್ರು ಬಂದಿದ್ರು, ನಲವತ್ತೈದರ ಆಸುಪಾಸು, ಡೈವರ್ ಕಾರ್ಡ್ ಎಲ್ಲಾ ಸರಿ ಇತ್ತು, ಆದ್ರೆ ಕೊನೇ ಡೈವ್ ಆಗಿ ಆರು ವರ್ಷ ಆಗಿತ್ತು. ಚೆಕ್ ಡೈವಲ್ಲಿ ಮಿಕ್ಕವ್ರ ಟ್ಯಾಂಕ್ ಅರ್ಧ ಇರೋವಾಗ ಅವ್ರದ್ದು ಖಾಲಿ. ಸಂಜೆ ಕೂತು ಹೇಳ್ದೆ. "ಏನಪ್ಪಾ, ನಮ್ಮೂರ ಕಡೆ ಹುಡುಗ ಸಿಕ್ಕಿದಾನೆ ಅಂತ ಖುಷಿಪಟ್ರೆ ನೀನೇ ಹಿಂಗಂತೀಯಲ್ಲ" ಅಂದ್ರು. "ಸರ್, ನಮ್ಮೂರವ್ರು ಅಂತಾನೇ ಎರಡು ದಿನ ಜಾಸ್ತಿ ಕೇಳ್ತಿದೀನಿ, ಅಷ್ಟರಲ್ಲಿ ಸರಿ ಹೋಗತ್ತೆ" ಅಂದೆ. ಬೇಜಾರಲ್ಲೇ ಇದ್ರು, ಒಂದು ದಿನ ನನ್ನ ಹತ್ರ ಮಾತೇ ಆಡ್ಲಿಲ್ಲ. ಒಳಗಿನ ರೀಫಲ್ಲಿ ದಿನಾ ಒಬ್ರ ಜೊತೆ ಇಳಿಸಿದ್ವಿ, ವೇಟ್ ಬೆಲ್ಟಿಂದ ಎರಡು ಕೇಜಿ ತೆಗೆದ್ಮೇಲೇನೇ ಅರ್ಧ ತೊಂದ್ರೆ ಹೋಯ್ತು, ಭಾರ ಜಾಸ್ತಿ ಆಗಿ ಅದನ್ನ ಎತ್ಕೊಂಡು ಈಜೋಕೇ ಗಾಳಿ ಖರ್ಚಾಗ್ತಿತ್ತು. ವಾರದ ಕೊನೇಲಿ ಕರೆಂಟ್ ಹದವಾಗಿದ್ದ ಒಂದು ಚಾನಲ್‌ಗೆ ಬಂದ್ರು. ಹೋಗೋವಾಗ ಅವ್ರು ಹೇಳಿದ್ದು ಮುಖ್ಯ: ಇದನ್ನ ಬುಕ್ಕಿಂಗ್ ಮಾಡೋವಾಗ್ಲೇ ಕೇಳಿದ್ರೆ ನಾನು ಬರೋಕೆ ಮುಂಚೆ ಮರ್ತಿದ್ದನ್ನ ಮತ್ತೆ ಕಲಿಸೋ ರಿಫ್ರೆಶರ್ ಕೋರ್ಸ್ ಮಾಡ್ಕೊಂಡು ಬರ್ತಿದ್ದೆ ಅಂತ. ಅವ್ರ ಮಾತು ಸರಿ. ಆಮೇಲಿಂದ ಬುಕ್ಕಿಂಗ್ ಫಾರ್ಮಲ್ಲಿ ಒಟ್ಟು ಎಷ್ಟು ಡೈವ್ ಅನ್ನೋದಕ್ಕಿಂತ ಮೇಲೆ ಕೊನೇ ಡೈವ್ ಯಾವಾಗ ಅನ್ನೋ ಪ್ರಶ್ನೆ ಹಾಕಿಸಿದ್ವಿ.

ಮುಳುಗಿದ ಹಡಗುಗಳ ಹತ್ರ ಬೇಡ ಅನ್ನೋ ಮಾತು ಬೇರೆ ಥರ. ಮಾಲೆ ಏರ್‌ಪೋರ್ಟ್ ಪಕ್ಕದಲ್ಲೇ ಮಾಲ್ಡೀವ್ಸ್ ವಿಕ್ಟರಿ ಅಂತ ಸರಕು ಹಡಗು ಇದೆ, 1981ರ ಫೆಬ್ರವರೀಲಿ ರೀಫ್‌ಗೆ ಬಡಿದು ಮುಳುಗಿದ್ದು. ತೀರಾ ದಕ್ಷಿಣದಲ್ಲಿ ಅಡ್ಡು ಅಟಾಲ್‌ನಲ್ಲಿರೋ ಬ್ರಿಟಿಷ್ ಲಾಯಲ್ಟಿ ನಂಗೆ ತುಂಬಾ ಇಷ್ಟ. ಎಣ್ಣೆ ಸಾಗಿಸೋ ಹಡಗು, 1942ರಲ್ಲಿ ಮಡಗಾಸ್ಕರ್ ಹತ್ರ ಜಪಾನಿನ ಸಬ್‌ಮರೀನ್ ಹೊಡೆದು ಮುಳುಗಿಸ್ತು, ಅದನ್ನ ಎತ್ತಿ ರಿಪೇರಿ ಮಾಡಿ ಅಡ್ಡುಗೆ ತಂದ್ರು, 1944ರ ಮಾರ್ಚಲ್ಲಿ ಜರ್ಮನ್ ಸಬ್‌ಮರೀನ್ ಮತ್ತೆ ಹೊಡೀತು, ಯುದ್ಧ ಮುಗಿದ್ಮೇಲೆ 1946ರಲ್ಲಿ ಬ್ರಿಟಿಷರೇ ಅದನ್ನ ಮುಳುಗಿಸಿದ್ರು. ಈಗ ಪಕ್ಕಕ್ಕೆ ಮಲಗಿದೆ, ಮೈತುಂಬಾ ಹವಳ. ಕಥೆ ಕೇಳಿದ್ಮೇಲೆ ಎಲ್ಲರಿಗೂ ಒಳಗೆ ಹೋಗಿ ನೋಡೋ ಆಸೆ. ಒಳಗೆ ಒಂದು ಫಿನ್ ಏಟಿಗೆ ತುಕ್ಕು, ಹೂಳು ಎದ್ದು ಕೈ ಮುಂದಿರೋದೂ ಕಾಣಲ್ಲ, ನೇರ ಮೇಲಕ್ಕೆ ಬರೋಕೆ ದಾರಿನೂ ಇರಲ್ಲ. ರೆಕ್ (ಮುಳುಗಿದ ಹಡಗು) ಡೈವಿಂಗ್ ಟ್ರೈನಿಂಗ್ ಆಗಿ ಹಗ್ಗದ ರೀಲ್ ಹಾಕೋದು ಗೊತ್ತಿರೋರಿಗೆ ಮಾತ್ರ ಆ ಮಾತು, ಉಳಿದವ್ರಿಗೆ ಹೊರಗಿಂದ. ಇದನ್ನ ಬ್ರೀಫಿಂಗಲ್ಲಿ ಹಡಗಿನ ಚಿತ್ರ ಬರೆದು, ಯಾವ ಬಾಗಿಲಿಗೆ ತಲೆ ಹಾಕಬಾರದು ಅಂತ ಗುರುತು ಮಾಡಿ ತೋರಿಸ್ತೀವಿ, ಕೆಳಗೆ ಹೋದ್ಮೇಲೆ ವಾದ ಮಾಡೋಕೆ ಆಗಲ್ವಲ್ಲ.

ನೀರಿನ ಮೇಲಿನ ಕೆಲ್ಸಾನೂ ಇದೆ. 2019ರ ಸೆಪ್ಟೆಂಬರಲ್ಲಿ ಕ್ಯಾಲಿಫೋರ್ನಿಯಾ ಹತ್ರ ಕನ್ಸೆಪ್ಷನ್ ಅನ್ನೋ ಡೈವ್ ಬೋಟಿಗೆ ನಡುರಾತ್ರಿ ಬೆಂಕಿ ಬಿದ್ದು ಕೆಳಗಿನ ಡೆಕ್ಕಲ್ಲಿ ಮಲಗಿದ್ದ 34 ಜನ ಸತ್ರು. ರಾತ್ರಿ ಎದ್ದು ಸುತ್ತು ಹಾಕೋ ಕಾವಲು ಇರ್ಲಿಲ್ಲ ಅಂತ ತನಿಖೇಲಿ ಬಂತು. ನಮ್ಮ ಬೋಟಲ್ಲಿ ರಾತ್ರಿ ಪಾಳಿ ಇದೆ, ನನ್ನ ಸರದಿ ಬಂದಾಗ ಇಂಜಿನ್ ರೂಮು, ಅಡುಗೆ ಮನೆ, ಚಾರ್ಜಿಂಗ್ ಟೇಬಲ್ಲು ಎಲ್ಲಾ ನೋಡ್ಕೊಂಡು ಬರ್ತೀನಿ. ಕ್ಯಾಮೆರಾ, ಟಾರ್ಚ್ ಬ್ಯಾಟರಿ ರಾತ್ರಿ ಯಾರೂ ಇಲ್ದೇ ಚಾರ್ಜಿಗೆ ಇಡೋ ಹಾಗಿಲ್ಲ, ಕ್ಯಾಬಿನ್ನಲ್ಲಂತೂ ಇಲ್ವೇ ಇಲ್ಲ. ಇದಕ್ಕೂ ಗೊಣಗ್ತಾರೆ, ಗೊಣಗ್ಲಿ. ನೀವು ಯಾವ ಬೋಟಿಗೆ ಹೋದ್ರೂ ರಾತ್ರಿ ಯಾರು ಎದ್ದಿರ್ತಾರೆ, ಕ್ಯಾಬಿನ್ನಿಂದ ಎರಡನೇ ದಾರಿ ಎಲ್ಲಿದೆ ಅಂತ ಮೊದಲ ದಿನಾನೇ ಕೇಳಿ, ಆ ದಾರೀಲಿ ಒಂದ್ಸಲ ಹತ್ತಿ ನೋಡಿ.

ಹವಳ ಮುಟ್ಟೋದು, ಶಾರ್ಕ್ ಹಿಂದೆ ಈಜೋದು, ಇದಕ್ಕಂತೂ ಖಂಡಿತ ಬೇಡ. ಇಲ್ಲಿ ಮೊದಲು ಶಾರ್ಕ್ ಹಿಡೀತಿದ್ರು, ರೆಕ್ಕೆ ಮಾರೋಕೆ, ಲಿವರ್ ಎಣ್ಣೇನ ಮರದ ಧೋನಿಗಳಿಗೆ ಬಳಿಯೋಕೆ. 2010ರಲ್ಲಿ ದೇಶದ ಪೂರ್ತಿ ನೀರಲ್ಲಿ ಶಾರ್ಕ್ ಹಿಡಿಯೋದನ್ನ ನಿಲ್ಲಿಸಿದ್ರು, ಇವತ್ತು ನಮ್ಮ ಸಂಬಳ ಬರೋದು ಅದ್ರಿಂದ. ಹವಳಕ್ಕೆ 1998ರಲ್ಲಿ, ಮತ್ತೆ 2016ರಲ್ಲಿ ನೀರು ಬಿಸಿಯಾಗಿ ದೊಡ್ಡ ಏಟು ಬಿತ್ತು, ಬಿಳಿ ಆಗಿ ಸತ್ತಿದ್ದು ಇನ್ನೂ ಎಷ್ಟೋ ಕಡೆ ಪುಡಿಯಾಗಿ ಬಿದ್ದಿದೆ. ಅದ್ರ ನಡುವೆ ಅಂಗೈಯಷ್ಟು ಬೆಳೆದಿರೋ ಹೊಸ ಹವಳದ ಮೇಲೆ ಫೋಟೋಗೋಸ್ಕರ ಯಾರಾದ್ರೂ ಮೊಣಕಾಲು ಊರಿದ್ರೆ ನಂಗೆ ಸಂಕಟ ಆಗತ್ತೆ. ರೀಫ್ ಹುಕ್ಕನ್ನೂ ಸತ್ತ ಬಂಡೆಗೇ ಹಾಕ್ಬೇಕು.

ಬರೋ ಪ್ಲಾನ್ ಇರೋರಿಗೆ: ಓಪನ್ ವಾಟರ್ ಕೋರ್ಸನ್ನ ಮುರುಡೇಶ್ವರದಲ್ಲೇ ಮುಗಿಸ್ಬೋದು, ಮಳೆಗಾಲ ಬಿಟ್ಟು. ವರ್ಷದ ಮೇಲೆ ಗ್ಯಾಪ್ ಆಗಿದ್ರೆ ರಿಫ್ರೆಶರ್ ಮಾಡಿ, ನೈಟ್ರಾಕ್ಸ್ (ಆಕ್ಸಿಜನ್ ಜಾಸ್ತಿ ಇರೋ ಗಾಳಿ) ಕೋರ್ಸ್ ಮಾಡ್ಕೊಂಡ್ರೆ 30 ಮೀಟರಲ್ಲಿ ನಿಲ್ಲೋ ಟೈಮ್ ಜಾಸ್ತಿ ಸಿಗತ್ತೆ, ಸ್ವಂತ ಡೈವ್ ಕಂಪ್ಯೂಟರು, ನೀರಿನ ಮೇಲೆ ಗುರುತು ತೋರಿಸೋ ಎಸ್‌ಎಂಬಿ ಬಲೂನು ತನ್ನಿ, ತರೋದಷ್ಟೇ ಅಲ್ಲ, ಒಂದ್ಸಲ ಬಿಚ್ಚಿ ಹಾರಿಸಿ ಅಭ್ಯಾಸ ಮಾಡಿ. ಡೈವಿಂಗ್ ಇನ್ಶೂರೆನ್ಸ್ ಬೇರೆಯಾಗಿ ಮಾಡ್ಸಿ, ಮಾಮೂಲಿ ಟ್ರಾವೆಲ್ ಪಾಲಿಸಿ ಎಷ್ಟೋ ಸಲ ಇದನ್ನ ಕವರ್ ಮಾಡಲ್ಲ. ಕೊನೇ ಡೈವ್ ಆದ್ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು, ನಾವು 24 ಇಡ್ತೀವಿ, ಟಿಕೆಟ್ ಬುಕ್ ಮಾಡೋವಾಗ ಅದನ್ನ ಲೆಕ್ಕಕ್ಕೆ ತಗೊಳ್ಳಿ. ಯಾವ ರೂಟು ನಿಮಗೆ ಸರಿ ಹೋಗತ್ತೆ ಅಂತ ಗೊತ್ತಾಗ್ತಿಲ್ಲ ಅಂದ್ರೆ ಎಷ್ಟು ಡೈವ್ ಆಗಿದೆ, ಕೊನೇದು ಯಾವಾಗ ಆಯ್ತು ಅಂತ ಬರೆದು ಕೇಳಿ, ಸಿಗ್ನಲ್ ಸಿಕ್ಕಾಗ ಉತ್ತರ ಕೊಡ್ತೀನಿ.