ಇದನ್ನು ನಿಮಗೆ ಕಲಿಸಿದ್ದು ಯಾರು?

ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ ಊಲ್ಮ್ ಕಡೆಗೆ ಹೋಗುವಾಗ ಹೆದ್ದಾರಿಯಲ್ಲಿ ಒಂದು ದೊಡ್ಡ ಏರು ಸಿಗುತ್ತದೆ. ಅಲ್ಲೇ ನನ್ನ ಕಾರು ಕೈಕೊಟ್ಟಿತು. ಆಕ್ಸಿಲರೇಟರ್ ಒತ್ತಿದ ಕೂಡಲೇ ಒಮ್ಮೆ ಮುಂದಕ್ಕೆ ನುಗ್ಗಿ ಸೊರಗಿಬಿಟ್ಟಿತು. ಸ್ಕ್ಯಾನರ್ ಹಾಕಿದರೆ ಓವರ್‌ಬೂಸ್ಟ್, ಅಂದರೆ ಬೂಸ್ಟ್ (ಟರ್ಬೋ ಇಂಜಿನ್ನಿಗೆ ಒತ್ತಿ ತುಂಬುವ ಗಾಳಿಯ ಒತ್ತಡ) ಮಿತಿ ಮೀರಿದೆ. ಇಲ್ಲಿನ ಗ್ಯಾರೇಜಿನವರು ಇಡೀ ಟರ್ಬೋ ಬದಲಿಸಬೇಕು, 1,800 ಯೂರೋ ಆಗುತ್ತದೆ ಎಂದರು.

ನನಗೆ ಒಪ್ಪಿಗೆ ಆಗಲಿಲ್ಲ. ಟರ್ಬೋ ತಿರುಗೋದು ಇಂಜಿನ್ನಿನ ಬಿಸಿ ಹೊಗೆಯಿಂದ. ಬೂಸ್ಟ್ ಜಾಸ್ತಿ ಆದಾಗ ವೇಸ್ಟ್‌ಗೇಟ್ ಅನ್ನೋ ಸಣ್ಣ ಬಾಗಿಲು ತೆರೆದು ಒಂದಿಷ್ಟು ಹೊಗೆಯನ್ನು ಪಕ್ಕದಿಂದ ಬಿಡಬೇಕು. ಆ ಬಾಗಿಲನ್ನು ತಳ್ಳೋದು ಆಕ್ಚುಯೇಟರ್. ಒಂದು ಡಬ್ಬಿ, ಒಳಗೆ ರಬ್ಬರ್ ಡಯಾಫ್ರಾಮ್ ಮತ್ತು ಸ್ಪ್ರಿಂಗ್, ಹೊರಗೊಂದು ರಾಡ್, ಅಷ್ಟೇ. ಡಯಾಫ್ರಾಮ್ ಹರಿದರೆ ಬಾಗಿಲು ತೆರೆಯೋದಿಲ್ಲ, ಬೂಸ್ಟ್ ಏರುತ್ತಲೇ ಹೋಗುತ್ತದೆ, ಕೊನೆಗೆ ಕಂಪ್ಯೂಟರೇ ಪವರ್ ಕಡಿಮೆ ಮಾಡುತ್ತದೆ.

ಗಂಟೆ ಲೆಕ್ಕದಲ್ಲಿ ಲಿಫ್ಟ್ ಬಾಡಿಗೆಗೆ ಕೊಡುವ ವರ್ಕ್‌ಶಾಪಿಗೆ ಗಾಡಿ ಒಯ್ದೆ. ಪಕ್ಕದ ಮನೆಯ ಹುಡುಗಿಯೂ ನೋಡಬೇಕು ಎಂದು ಜೊತೆಗೆ ಬಂದಳು, ಹದಿನಾರು ವರ್ಷದವಳು.

ಮೊದಲು ರಾಡ್ ಬಿಚ್ಚಿ ಬಾಗಿಲನ್ನು ಕೈಯಿಂದ ಆಡಿಸಿದೆ. ಸಲೀಸಾಗಿ ಆಡಿತು, ಅಂದರೆ ಬಾಗಿಲಿನಲ್ಲಿ ತೊಂದರೆ ಇಲ್ಲ. ಆಮೇಲೆ ಆಕ್ಚುಯೇಟರಿಗೆ ಕೈಪಂಪಿನಿಂದ ಗಾಳಿ ಕೊಟ್ಟರೆ ಪಂಪಿನ ಮೀಟರಿನ ಮುಳ್ಳು ನಿಲ್ಲಲೇ ಇಲ್ಲ, ಸುಯ್ಯೆಂದು ಇಳಿಯಿತು. ನನ್ನದು ಮಾಡಿಫೈ ಮಾಡಿದ ಗಾಡಿ. ಹಳೆಯ ಮಾಲೀಕ ಗಟ್ಟಿ ಸ್ಪ್ರಿಂಗ್ ಹಾಕಿಸಿ, ಇಲ್ಲಿನ ಕಾನೂನಿನಂತೆ ತಪಾಸಣೆ ಮಾಡಿಸಿ ಕಾಗದದಲ್ಲಿ ಬರೆಸಿದ್ದ. ಅದಕ್ಕೇ 0.7 ಬಾರ್ ಒತ್ತಡಕ್ಕೆ ಸರಿಯುವ ಅದೇ ಸ್ಪ್ರಿಂಗಿನ ಹೊಸ ಆಕ್ಚುಯೇಟರ್ ತರಿಸಿದ್ದೆ. ಅದನ್ನು ಹಾಕುವಾಗ, ಬಾಗಿಲು ಪೂರ್ತಿ ಮುಚ್ಚಿದ್ದರೆ ರಾಡಿನ ತುದಿಯ ತೂತು ಬಾಗಿಲಿನ ಪಿನ್ನಿಗೆ ಒಂದೆರಡು ಮಿಲಿಮೀಟರ್ ಕಡಿಮೆ ಬೀಳಬೇಕು, ರಾಡನ್ನು ಎಳೆದು ಕೂರಿಸಿ, ಅದು ಅಲುಗದಂತೆ ಹಿಡಿಯುವ ಚೆಕ್‌ನಟ್ ಬಿಗಿಯಬೇಕು. ಸಡಿಲ ಬಿಟ್ಟರೆ ಬಾಗಿಲು ಬೇಗ ತೆರೆದು ಎಳೆತ ಹೋಗುತ್ತದೆ. ಜಾಸ್ತಿ ಎಳೆದರೆ ಬೂಸ್ಟ್ ಮಿತಿ ದಾಟುತ್ತದೆ, ಪಿಸ್ಟನ್ನೇ ಹೋಗಬಹುದು. ಮತ್ತೆ ಪಂಪ್ ಹಾಕಿದೆ, ಮುಳ್ಳು 0.7ರ ಹತ್ತಿರ ಬಂದಾಗ ರಾಡ್ ಮೆಲ್ಲಗೆ ಸರಿಯಿತು.

ಆ ಹುಡುಗಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಸೆಪ್ಟೆಂಬರ್‌ನಿಂದ ಅವಳು ಕಾರ್ ಮೆಕ್ಯಾನಿಕ್ ತರಬೇತಿಗೆ ಹೋಗುತ್ತಾಳಂತೆ. ಮೂರೂವರೆ ವರ್ಷ, ತಿಂಗಳು ತಿಂಗಳು ಸಂಬಳವೂ ಇದೆ. ಅವಳಪ್ಪ ಇದನ್ನು ಬೀದಿಯವರಿಗೆಲ್ಲ ಹೇಳಿಕೊಂಡು ಬಂದಿದ್ದಾನೆ. "ಇದನ್ನು ನಿಮಗೆ ಕಲಿಸಿದ್ದು ಯಾರು?" ಎಂದಳು. ನಮ್ಮ ಕಾಕಾ ಎಂದೆ. "ಅವರ ಕೈಕೆಳಗೆ ಎಷ್ಟು ಜನ ತರಬೇತಿ ಮುಗಿಸಿದ್ದಾರೆ?"

ಏನಂತ ಹೇಳಲಿ? ಬೆಳಗಾವಿಯ ಉದ್ಯಮಬಾಗದ ಹತ್ತಿರ, ಖಾನಾಪುರ ರಸ್ತೆಯಲ್ಲಿ ಕಾಕಾನ ಗ್ಯಾರೇಜು. ಪುಣೆ-ಬೆಂಗಳೂರು ಹೆದ್ದಾರಿಯ ಲಾರಿಗಳು ಟರ್ಬೋ ಕೆಲಸಕ್ಕೆ ಅವನನ್ನು ಹುಡುಕಿಕೊಂಡು ಬರುತ್ತಿದ್ದವು. "ತಮ್ಮಾ, ಮೊದಲ ಕೈಲೆ ಆಡಿಸಿ ನೋಡು, ಆಮ್ಯಾಲೆ ಗಾಳಿ ಕೊಡು" ಎಂದು ಹೇಳಿಕೊಟ್ಟವನು ಅವನೇ. ಅವನ ಹತ್ತಿರ ಎಷ್ಟೋ ಹುಡುಗರು ಕೆಲಸ ಕಲಿತರು. ಯಾರ ಕೈಯಲ್ಲೂ ತರಬೇತಿಯ ಒಂದು ಕಾಗದ ಇಲ್ಲ, ಕೆಲಸ ಮಾಡುವಾಗ ಕಣ್ಣು ಕಾಯೋಕೆ ಒಂದು ಕನ್ನಡಕವೂ ಇರಲಿಲ್ಲ.

ಮನೆಯಲ್ಲಿ ಅವನಿಗೆ ಸಿಕ್ಕ ಮರ್ಯಾದೆ ಎಂಥದ್ದು ಅಂದರೆ, ನನ್ನ ಮಾರ್ಕ್ಸ್ ಕಡಿಮೆ ಬಂದಾಗ ಅಪ್ಪ, "ಓದಲಿಲ್ಲಂದ್ರ ಗ್ಯಾರೇಜಿಗೆ ಹಚ್ತೀನಿ" ಎಂದು ಬೈಯುತ್ತಿದ್ದರು. ಕಾಕಾ ಅಲ್ಲೇ ಕೂತು ರೊಟ್ಟಿ ತಿನ್ನುತ್ತಿರುತ್ತಿದ್ದ. ತಲೆ ಎತ್ತುತ್ತಿರಲಿಲ್ಲ. 1998ರಲ್ಲಿ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯು ನಮ್ಮೂರಿಗೇ ಬಂದ ಮೇಲೆ ಎಲ್ಲರಿಗೂ ಇಂಜಿನಿಯರಿಂಗ್ ಒಂದೇ ದಾರಿ ಆಯಿತು. ನಾನೂ ಆ ದಾರಿಯಲ್ಲೇ ಇಲ್ಲಿಗೆ ಬಂದೆ, ಆದರೆ ಲಿಫ್ಟಿನ ಕೆಳಗೆ ನನ್ನ ಕೈಹಿಡಿದದ್ದು ಕಾಕಾನ ವಿದ್ಯೆ.

ಕಾಕಾನ ಮೊಮ್ಮಗ ಈ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿದ್ದಾನೆ. ಐಟಿಐಗೆ ಹೋಗಿ ಎರಡು ವರ್ಷದ ಮೋಟಾರ್ ವೆಹಿಕಲ್ ಮೆಕ್ಯಾನಿಕ್ ಕೋರ್ಸ್ ಮಾಡುತ್ತೇನೆ ಅನ್ನುತ್ತಾನೆ. ಮನೆಯಲ್ಲಿ ಎಲ್ಲರೂ ಬೇಡ ಅನ್ನುತ್ತಿದ್ದಾರೆ. ರಾತ್ರಿ ಅವನ ತಾಯಿಗೆ ಫೋನ್ ಮಾಡಿ, "ಅಕ್ಕಾ, ಅಂವನ್ನ ಕಳಸು, ಫೀ ನಾ ಕೊಡ್ತೀನಿ" ಎಂದೆ.

"ನಿನ್ನ ಮಗನ್ನ ಕಳಸ್ತೀಯೇನು?" ಎಂದಳು.

ಕಳಿಸುತ್ತೇನೆ ಎಂದೆ. ಅವಳು ನಂಬಲಿಲ್ಲ. ನಾಳೆ ಮತ್ತೆ ಮಾಡುತ್ತೇನೆ.